ಚೀನಾ ಗಂಜಿಗೆ ಕುಚ್ಚಲಕ್ಕಿ

—ಮುಚ್ಚಳ ಮತ್ತೆ ಕುಣಿಯತೊಡಗಿತು, ಪೂರ್ತಿ ಮುಚ್ಚಬಾರದು, ಒಂದು ಬೆರಳಿನಷ್ಟು ಸಂದಿ ಬಿಡಬೇಕು ಎಂದು ಇವರು ಹೇಳಿದ್ದರಲ್ಲವೇ, ಹೇಳಿದ್ದರು, ನಾನು ಬಟ್ಟೆ ಮಡಚುತ್ತ ಹೂಂ ಹೂಂ ಅಂದಿದ್ದೆ, ಈಗ ಸೌಟನ್ನು ಪಾತ್ರೆಯ ಬಾಯಿಗೆ ಅಡ್ಡ ಇಟ್ಟು ಮುಚ್ಚಳವನ್ನು ಅದರ ಮೇಲೆ ಒರಗಿಸಿದೆ, ಹಬೆ ನೇರ ಕಿಟಕಿಗೆ ಹೋಯಿತು, ಗಾಜಿನ ಮೇಲೆ ಅಡ್ಡ ಉದ್ದ ಕಂದು ಟೇಪು, ಬಾಂಬು ಬಿದ್ದರೆ ಚೂರುಗಳು ಮೈಮೇಲೆ ಹಾರಬಾರದೆಂದು ನಮ್ಮ ಈ ಖೈತಾನ್ ಬಡಾವಣೆಯಲ್ಲಿ ಉಳಿದವರೆಲ್ಲ ಅಂಟಿಸಿಕೊಂಡದ್ದು, ಒಂದು ಮೂಲೆಯಲ್ಲಿ ಬಿಟ್ಟುಕೊಂಡಿದೆ, ಶೀತ ಬರುವುದು ಅಲ್ಲಿಂದಲೇ. ಮರುಭೂಮಿಯಲ್ಲಿ ಎಂತ ಚಳಿ ಮಾರಾಯ್ತಿ ಎಂದು ಊರಿನಲ್ಲಿ ನನ್ನ ಅತ್ತಿಗೆ ನಕ್ಕಿದ್ದಳು, ಬಂದು ನೋಡಲಿ ಜನವರಿಯಲ್ಲಿ, ಅಕ್ಕಿ ತೊಳೆಯುವಾಗ ಬೆರಳುಗಳು ಮರಗಟ್ಟಿ ನೋವೂ ತಿಳಿಯಲಿಲ್ಲ, ಎರಡು ಸ್ವೆಟರ್, ಅದರ ಮೇಲೆ ಇವರ ಹಳೇ ಕೋಟು, ಕಾಲಿಗೆ ಮಗಳು ಅಕ್ಷಿತಾಳ ಶಾಲೆಯ ಕಾಲುಚೀಲ, ಅವಳು ಬಿಟ್ಟುಹೋದದ್ದು, ಹಿಮ್ಮಡಿಯ ಹತ್ತಿರ ತೂತು. ಹತ್ತೂಕಾಲು. ಒಳಗಿನ ಕೋಣೆಯಲ್ಲಿ ಇವರು ಗೋಡೆಯ ಕಡೆ ತಿರುಗಿ ಮಲಗಿದ್ದಾರೆ, ನಿದ್ದೆಯಲ್ಲ, ನಿದ್ದೆಯಾದರೆ ಗೊರಕೆ ಕೇಳಬೇಕಿತ್ತು, ಹದಿನೆಂಟು ವರ್ಷ ಆ ಗೊರಕೆಯನ್ನು ಬೈದ ನಾನು ಈಗ ಅದಕ್ಕಾಗಿ ಕಿವಿಗೊಟ್ಟು ಕೂತಿದ್ದೇನೆ, ಸೈನಿಕರು ಇವರನ್ನು ಬಿಟ್ಟು ಕಳಿಸಿ ಇವತ್ತಿಗೆ ಆರು ದಿನ, ಆರು ದಿನದಿಂದ ಒಂದು ಅಗುಳು ಗಂಟಲಿನಿಂದ ಕೆಳಗೆ ಇಳಿದಿಲ್ಲ. ಬಾಯಿಗೆ ಇಟ್ಟರೆ ಇಟ್ಟುಕೊಳ್ಳುತ್ತಾರೆ, ಬೇಡ ಅನ್ನುವುದಿಲ್ಲ, ನನ್ನನ್ನು ನೋಯಿಸಬಾರದೆಂದು ಒಳ್ಳೆಯ ಮಗುವಿನ ಹಾಗೆ ಬಾಯಿ ತೆರೆಯುತ್ತಾರೆ, ಆಮೇಲೆ ಅದು ಕೆನ್ನೆಯೊಳಗೆ ಉಳಿಯುತ್ತದೆ, ಐದು ನಿಮಿಷ, ಹತ್ತು ನಿಮಿಷ, ಕಣ್ಣಲ್ಲಿ ನೀರು ಬರುತ್ತದೆ, ಕೊನೆಗೆ ನಾನೇ ಬಟ್ಟಲು ಹಿಡಿದು ಉಗಿಯಿರಿ, ಪರವಾಗಿಲ್ಲ ಎನ್ನಬೇಕು. ಸಕ್ಕರೆ ನೀರು ಮಾತ್ರ ಎರಡು ಗುಟುಕು.

ಮುತ್ತಲಿಬ್ ನಿನ್ನೆ ಬಂದು ನೋಡಿದ, ಕ್ಲಿನಿಕ್ಕಿನ ಕಂಪೌಂಡರ್, ಡಾಕ್ಟರು ಸೆಪ್ಟೆಂಬರಿನಲ್ಲೇ ಹೋದ ಮೇಲೆ ಈ ಬೀದಿಗೆಲ್ಲ ಅವನೇ ಡಾಕ್ಟರು, ಬ್ಯಾಟರಿ ಬಿಟ್ಟು ಬಾಯೊಳಗೆ ನೋಡಿದ, ಗಂಟಲಲ್ಲಿ ಎಂತದೂ ಇಲ್ಲ ಅಕ್ಕ, ಗಾಯ ಇಲ್ಲ, ಬಾವು ಇಲ್ಲ, ಅವರಿಗೆ ಒಳಗೆ ಎಂತದೋ ಹೆದರಿಕೆ ಕೂತಿದೆ, ಅಗಿಯುವುದು ಬೇಡ, ತೆಳುವಾಗಿ ಎಂತದಾದರೂ ಇಳಿಯಬೇಕು, ಇನ್ನೆರಡು ದಿನ ಹೀಗೇ ಹೋದರೆ ಡ್ರಿಪ್ಪು ಹಾಕಬೇಕಾಗ್ತದೆ, ಡ್ರಿಪ್ಪು ಎಲ್ಲಿಂದ ತರುವುದು ಈಗ, ನನ್ನ ಹತ್ತಿರ ಡೆಟಾಲ್ ಬಿಟ್ಟರೆ ಬೇರೆ ಇಲ್ಲ. ಎರಡು ದಿನ ಅಂದ. ಅವನು ಹೋದ ಮೇಲೆ ನಾನು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತೆ, ಅತ್ತು ಮುಖ ತೊಳೆಯುವಾಗ ನೆನಪಾದದ್ದು ಈ ಚೀನಾ ಗಂಜಿ, ಎಂಬತ್ತಾರರ ಚಳಿಗಾಲ, ಇವರಿಗೆ ಜ್ವರ ನೆತ್ತಿಗೇರಿ ನಾಲ್ಕು ದಿನ ನಾನು ಕೊಟ್ಟದ್ದೆಲ್ಲ ವಾಂತಿ, ಆಗ ಇವರು ಕೆಲಸ ಮಾಡುವ ಸಾಲ್ಮಿಯಾದ ಹೋಟೆಲಿನಿಂದ ದೊಡ್ಡ ಅಡಿಗೆಯವರಾದ ಫೂಂಗ್ ಉಸ್ತಾದರು ಸ್ಟೀಲ್ ಕ್ಯಾರಿಯರಿನಲ್ಲಿ ಕಳಿಸಿದ್ದರು, ಬಿಳೀ, ಗೋಂದಿನ ಹಾಗೆ ದಪ್ಪ, ಮೇಲೆ ಶುಂಠಿ ಎಳೆಗಳು, ಇವರು ಒಂದು ಬಟ್ಟಲು ಕುಡಿದು ಇನ್ನೊಂದು ಕೇಳಿದರು. ನನಗೆ ಉರಿಯಿತು. ಹೌದು, ಉರಿಯಿತು, ಗಂಡ ಉಂಡನಲ್ಲ ಎಂದು ಖುಷಿಪಡುವುದು ಬಿಟ್ಟು, ನಾನು ಬೇಯಿಸಿದ ಗಂಜಿ ಇಳಿಯುವುದಿಲ್ಲ, ಆ ಚೀನದವನ ಅಂಟು ಇಳಿಯುತ್ತದೆ ಎಂದು. ಗೋಡೆಗೆ ಪೇಪರ್ ಅಂಟಿಸಲಿಕ್ಕೆ ಒಳ್ಳೇದುಂಟು ಎಂದೆ, ಇವರು ಆ ಜ್ವರದಲ್ಲೂ ನಕ್ಕರು, ನೀನು ಒಂದು ಚಮಚ ನೋಡು ಕುಸುಮ ಎಂದರು, ನೋಡಲಿಲ್ಲ ನಾನು.

ನಮ್ಮಲ್ಲಿ ಗಂಜಿಯ ಅಗುಳು ಒಡೆದರೆ ಮಾಡಿದವಳಿಗೆ ಬೈಗುಳ, ಅಗುಳು ಮೃದುವಾಗಬೇಕು ಆದರೆ ಇಡಿಯಾಗಿ ಉಳಿಯಬೇಕು, ತಿಳಿ ಬೇರೆ ಅನ್ನ ಬೇರೆ ಕಾಣಬೇಕು, ನನ್ನ ತಾಯಿ ಮದುವೆಗೆ ಮೊದಲು ಕಲಿಸಿದ್ದು ಅದು. ಅವರದ್ದು ತದ್ವಿರುದ್ಧ, ಅಕ್ಕಿ ಎಲ್ಲಿ ಹೋಯಿತು ಎಂದು ಹುಡುಕಬೇಕು, ನೀರು ಯಾವುದು ಅಕ್ಕಿ ಯಾವುದು ತಿಳಿಯಬಾರದು, ಜೂಕ್ ಅನ್ನುತ್ತಾರೆ ಅದಕ್ಕೆ. ಚಳಿ ಶುರುವಾದ ಮೇಲೆ ಹೋಟೆಲಿನ ಕೆಲಸದವರಿಗೆಲ್ಲ ಬೆಳಿಗ್ಗೆ ಅದೇ ತಿಂಡಿ, ಕೇರಳದವರು, ಬಂಗಾಳಿಗಳು, ಇವರು, ಎಲ್ಲರೂ ಅಡಿಗೆಮನೆಯ ಹಿಂದೆ ಕಟ್ಟೆಯ ಮೇಲೆ ಕೂತು, ಉಸ್ತಾದರು ತಾವೇ ಬಡಿಸುವುದು, ಇವರಿಗೆ ಶ್ವೈ ಶ್ವೈ ಯಶೋ, ಶ್ವೈ ಶ್ವೈ, ನಿಧಾನ ಎಂಬುದೊಂದೇ ಅರಬ್ಬಿ ಆ ಮನುಷ್ಯನಿಗೆ ಚೆನ್ನಾಗಿ ಬರುತ್ತಿದ್ದದ್ದು, ಒಂಬತ್ತು ವರ್ಷ ಇವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು, ಪಾತ್ರೆ ತೊಳೆಯಲಿಕ್ಕೆ ಸೇರಿದವರು ಇವರು, ಉಸ್ತಾದರು ಹೋಗುವಾಗ ಎರಡನೇ ಕುಕ್. ಮನೆಗೆ ಬಂದರೆ ಅದೇ ಮಾತು, ಅಕ್ಕಿ ತೊಳೆದು ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಬೇಕು, ಕುದಿಯುವ ನೀರಿಗೇ ಹಾಕಬೇಕು, ತಣ್ಣೀರಿಗಲ್ಲ, ಒಂದಕ್ಕೆ ಹತ್ತು ಪಾಲು ನೀರು, ಒಂದೇ ದಿಕ್ಕಿಗೆ ತಿರುಗಿಸಬೇಕು, ನಾನು ಬಟ್ಟೆ ಮಡಚುತ್ತಿದ್ದೆ, ಈಗ ಒಂದೊಂದೇ ಹೆಕ್ಕಿ ತೆಗೆಯುತ್ತಿದ್ದೇನೆ, ಎಣ್ಣೆ ಹಚ್ಚಿದೆ, ಅರ್ಧ ಗಂಟೆ ಬಿಟ್ಟೆ, ಹತ್ತು ಲೋಟ ಎಣಿಸಿದೆ. ಕೋಳಿಯ ಎಲುಬು ಎಲ್ಲಿಂದ ತರುವುದು, ಜಮಿಯಾ ಅಂಗಡಿಯ ಕಪಾಟುಗಳು ಖಾಲಿ, ಅದಕ್ಕೆ ಒಣ ಸಿಗಡಿ ಹುರಿದು ಪುಡಿ ಮಾಡಿ ಹಾಕಿದೆ, ನಾವು ಊರಿಂದ ಬರುವಾಗ ಉಸ್ತಾದರೇ ತರಿಸಿಕೊಳ್ಳುತ್ತಿದ್ದದ್ದು, ಮಲ್ಪೆಯ ಸಿಗಡಿ ಹಾಂಗ್‌ಕಾಂಗಿನಲ್ಲೂ ಇಲ್ಲ ಎಂದರಂತೆ, ಇವರು ಬಂದು ಹೇಳಿದಾಗ ನನಗೆ ಆ ಒಂದು ದಿನ ಉಸ್ತಾದರ ಮೇಲೆ ಪ್ರೀತಿ ಬಂದಿತ್ತು.

ಕೀಲಿ ಕೊಡದಿದ್ದರೆ ಏನಾಗುತ್ತಿತ್ತು ಆ ಮನುಷ್ಯನಿಗೆ. ಸೆಪ್ಟೆಂಬರಿನಲ್ಲಿ ಅವರ ದೇಶದವರೆಲ್ಲ ಬಸ್ಸಿನಲ್ಲಿ ಜೋರ್ಡನ್ ಕಡೆ ಹೊರಟರು, ಉಸ್ತಾದರು ಹೋಟೆಲಿನ ಕೀಲಿಯನ್ನು ಇವರ ಅಂಗೈಯಲ್ಲಿಟ್ಟು ಬೆರಳು ಮಡಚಿ ಕೊಟ್ಟರಂತೆ, ದಾರಿಯಲ್ಲಿ ಚೆಕ್ಕಿಂಗು, ನನ್ನ ಕತ್ತಿ ತೆಗೆದುಕೊಂಡು ಹೋಗಲಿಕ್ಕೆ ಆಗುವುದಿಲ್ಲ ಯಶೋ, ಅಲ್ಲೇ ಮೊಳೆಯಲ್ಲಿ ಉಂಟು, ನೋಡಿಕೋ. ಅಗಲ ಬಾಯಿಯ ಕತ್ತಿ, ಅವರ ಉಸ್ತಾದರು ಅವರಿಗೆ ಕೊಟ್ಟದ್ದು. ಅಷ್ಟೇ, ಇವರು ಇಲ್ಲಿಗೆ ಅಂಟಿಕೊಂಡರು. ಕಫೀಲ್, ಹೋಟೆಲಿನ ಮಾಲಕ, ಜುಲೈಯಲ್ಲೇ ರಜೆಗೆ ಕೈರೋಕ್ಕೆ ಹೋದವನು, ಪಾಸ್‌ಪೋರ್ಟು ಅವನ ಬೀರುವಿನಲ್ಲಿ, ಆದರೂ ಎಂಬೆಸಿಯ ಕಾಗದ ಹಿಡಿದು ಎಷ್ಟು ಜನ ಹೋದರು, ಮೇಲಿನ ಮನೆಯ ಅಪೊಲೋನಿಯಾ ಬಾಯಿ ಹೋಗುವಾಗ ನಮ್ಮ ಅಕ್ಷಿತಾಳನ್ನೂ ಕರೆದುಕೊಂಡು ಹೋದಳು, ನೀವೂ ಹೊರಡಿ ಕುಸುಮಾ, ಹೋಟೆಲು ನಿಮ್ಮ ಅಪ್ಪನದ್ದಾ, ಎಂದು ಬೈದಳು, ನಾನು ಇವರನ್ನು ಬೈದೆ, ಇವರು ಶೂ ಪಾಲಿಶ್ ಮಾಡುತ್ತ ಕೂತರು. ಇವರನ್ನು ಬಿಟ್ಟು ಹೋಗಲಿಕ್ಕೆ ನನ್ನಿಂದ ಆಗಲಿಲ್ಲ, ಅಷ್ಟೇ ವಿಷಯ, ಅದಕ್ಕೆ ಬೇರೆ ಹೆಸರು ಕೊಡುವುದು ಬೇಡ. ಡಿಸೆಂಬರಿನಲ್ಲಿ ಯಾರೋ ಬಂದು ಹೇಳಿದರು ಹೋಟೆಲಿನ ಬೀದಿಯ ಅಂಗಡಿಗಳನ್ನೆಲ್ಲ ಗಡಿ ದಾಟಿ ಬಂದ ಸೈನಿಕರು ದೋಚಿ ಲಾರಿಗೆ ತುಂಬಿಸುತ್ತಿದ್ದಾರೆ ಎಂದು, ಇವರು ಕೋಟು ಹಾಕಿಕೊಂಡು ಹೊರಟರು, ಎಲ್ಲಿಗೆ, ಈಗ ಬರುತ್ತೇನೆ, ಎಲ್ಲಿಗೆ ಅಂದರೆ ಈಗ ಬರುತ್ತೇನೆ. ಆ ಕತ್ತಿಯನ್ನು ಕೋಟಿನೊಳಗೆ ಇಟ್ಟುಕೊಂಡು ವಾಪಸು ಬರುವಾಗ ರೌಂಡ್‌ಅಬೌಟಿನಲ್ಲಿ ಹಿಡಿದರು. ಯುದ್ಧದ ಸಮಯದಲ್ಲಿ ಕೋಟಿನೊಳಗೆ ಕತ್ತಿ. ಅಡಿಗೆಯವನಲ್ಲದೆ ಇನ್ಯಾರಿಗೆ ಹೊಳೆಯುತ್ತದೆ ಇಂಥ ಬುದ್ಧಿ, ಅವರಿಗೆ ಅದು ಕತ್ತಿಯಲ್ಲ, ಸೌಟು, ಚಮಚ, ಅದರ ಹಾಗೆ ಅದೊಂದು ಸಾಮಾನು. ಹನ್ನೊಂದು ದಿನ ಇಟ್ಟುಕೊಂಡರು. ಏನು ಮಾಡಿದರು ಎಂದು ನಾನು ಕೇಳಲಿಲ್ಲ, ಮಣಿಕಟ್ಟಿನ ಸುತ್ತ ಕಪ್ಪು ಗುರುತು ನೋಡಿದೆ, ಕೇಳಲಿಲ್ಲ, ಬಂದ ದಿನ ತಾವಾಗಿ ಒಂದು ಮಾತು ತೆಗೆದರು, ಅಲ್ಲಿ ನನ್ನ ಪಕ್ಕದಲ್ಲಿ ಒಬ್ಬ ಇದ್ದ ಕುಸುಮ, ಅವನು ಉಣ್ಣಲಿಕ್ಕೆ ಬಾಯಿ ತೆರೆದರೆ, ಎನ್ನುವಷ್ಟರಲ್ಲಿ ನಾನು ಅನ್ನ ಬಡಿಸಿದ ತಟ್ಟೆ ಇವರ ಮುಂದಿಟ್ಟೆ, ಇಡಬಾರದಿತ್ತು, ಅಲ್ಲಿಗೇ ಮಾತು ನಿಂತಿತು, ಆವತ್ತಿನಿಂದ ಮಾತೂ ಇಲ್ಲ ಊಟವೂ ಇಲ್ಲ.

ಹನ್ನೊಂದೂವರೆ ಆಯಿತು, ಒಂದೂಕಾಲು ಗಂಟೆ ಕುದಿದಿದೆ, ಸೌಟು ತೆಗೆದು ನೋಡಿದೆ, ಅಗುಳು ಇಡಿಯಾಗಿ ಇದೆ. ದುಂಡಗೆ, ಕೆಂಪಗೆ, ಒಂದಕ್ಕೊಂದು ಅಂಟದೆ, ತಿಳಿ ಬೇರೆ ಅನ್ನ ಬೇರೆ, ನನ್ನ ತಾಯಿ ನೋಡಿದ್ದರೆ ಬೆನ್ನು ತಟ್ಟುತ್ತಿದ್ದಳು. ಇನ್ನಷ್ಟು ಕುದಿಯಲಿ, ಒಂದೇ ದಿಕ್ಕಿಗೆ ತಿರುಗಿಸಿದೆ, ಕೈ ಸೋತಿತು, ಎಡಗೈಯಿಂದ ತಿರುಗಿಸಿದೆ, ಗ್ಯಾಸ್ ಎಷ್ಟಿದೆಯೋ, ಸಿಲಿಂಡರಿನ ಮೇಲೆ ಬಿಸಿನೀರು ಸುರಿದು ಕೈಯಾಡಿಸಿದೆ, ತಳದ ಹತ್ತಿರ ಅರ್ಧ ಬೆರಳಿನಷ್ಟು ಮಾತ್ರ ತಣ್ಣಗಿದೆ, ಅಷ್ಟೇ ಉಳಿದದ್ದು, ಹೊಸ ಸಿಲಿಂಡರ್ ಕೊಡುವವರು ಯಾರೂ ಇಲ್ಲ. ಬಾಗಿಲು ಬಡಿದ ಸದ್ದು, ಅಕ್ಕ ನಾನು ಮುತ್ತಲಿಬ್, ಒಳಗೆ ಬಂದು ಕೈ ಉಜ್ಜಿಕೊಂಡ, ಎಂತ ಪರಿಮಳ ಅಕ್ಕ, ಸಿಗಡಿಯಾ, ಚೀನದವರ ಗಂಜಿ ಎಂದೆ, ಪಾತ್ರೆಗೆ ಬಗ್ಗಿ ನೋಡಿದ, ಇದು ನಮ್ಮ ಗಂಜಿಯೇ ಅಲ್ವಾ. ಇನ್ನೂ ಬೇಯಬೇಕು ಎಂದೆ. ಕುಚ್ಚಲಕ್ಕಿ ಹಾಕಿದ್ದೀರಲ್ಲ ಅಕ್ಕ. ಮತ್ತೆ ಯಾವುದು ಹಾಕುವುದು, ಆ ರೇಷನ್ನಿನ ನುಚ್ಚು ಬಿಳಿ ಅಕ್ಕಿಯಾ, ಹುಳ ಹಿಡಿದದ್ದು, ಮೂಗಿಗೆ ಹಿಡಿದರೆ ಗೋಣಿಯ ನಾತ, ಆರು ದಿನ ಉಣ್ಣದವರಿಗೆ ಅದನ್ನು ಕೊಡಲಿಕ್ಕಾಗುತ್ತದಾ, ಇದು ಊರಿನದ್ದು, ಜುಲೈಯಲ್ಲಿ ತಂದದ್ದು, ಯಾವತ್ತಿಗಾದರೂ ಬೇಕಾದೀತೆಂದು ಹಿಟ್ಟಿನ ಡಬ್ಬಿಯ ಹಿಂದೆ ಅಡಗಿಸಿಟ್ಟದ್ದು, ಕೊನೆಯ ಒಂದು ಲೋಟ ಇದು. ಹೇಳುತ್ತ ಹೇಳುತ್ತಲೇ ನನ್ನ ಬಾಯಿ ನಿಂತಿತು. ಮುತ್ತಲಿಬ್ ಒಳಗೆ ಹೋಗಿ ಇವರ ನಾಡಿ ಹಿಡಿದು ನೋಡಿ ಬಂದ, ಮುಖ ಚಿಕ್ಕದು ಮಾಡಿಕೊಂಡಿದ್ದ, ಅಕ್ಕ, ಇವತ್ತು ಎಂತದಾದರೂ ಇಳಿಯಲೇಬೇಕು ಆಯ್ತಾ, ನಾನು ನಾಲ್ಕು ಗಂಟೆಗೆ ಮತ್ತೆ ಬರ್ತೇನೆ, ಎಂದು ಹೋದ.

ಇವರು ಒಮ್ಮೆ ಕುಚ್ಚಲಕ್ಕಿ ತೆಗೆದುಕೊಂಡು ಹೋಗಿದ್ದರು ಹೋಟೆಲಿಗೆ. ಹೌದು, ನಾನೇ ಕಟ್ಟಿಕೊಟ್ಟದ್ದು, ನಮ್ಮ ಅಕ್ಕಿಯಲ್ಲಿ ಮಾಡಿ ತೋರಿಸಿ ನಿಮ್ಮ ಉಸ್ತಾದರಿಗೆ ಎಂದು ಜಂಬದಿಂದ. ಮೂರು ಗಂಟೆ ಬೇಯಿಸಿದರಂತೆ, ಉಸ್ತಾದರು ಒಂದು ಅಗುಳು ಹಲ್ಲಿಗೆ ಸಿಕ್ಕಿಸಿ ಕಚ್ಚಿ ನೋಡಿ, ಏಪ್ರನ್ನಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರಂತೆ, ನಕ್ಕರು ಎಂಬಲ್ಲಿಗೇ ನನಗೆ ಸಿಟ್ಟು ನೆತ್ತಿಗೇರಿತು, ನಮ್ಮ ಅಕ್ಕಿ ನೋಡಿ ನಗುವುದಾ, ಇವರು ಮುಂದೆ ಇನ್ನೂ ಏನೋ ಹೇಳುತ್ತಿದ್ದರು, ಒಮ್ಮೆ ಬೇಯಿಸಿ ಒಣಗಿಸಿದ ಅಕ್ಕಿ ಕುಸುಮ, ಅದು ಎಷ್ಟು ಕುದಿಸಿದರೂ ಕರಗುವುದಿಲ್ಲ, ಬಿಳಿ ಅಕ್ಕಿಯೇ ಬೇಕು, ನುಚ್ಚಾದರೆ ಇನ್ನೂ ಒಳ್ಳೆಯದು, ಕೇಳಿತ್ತು ನನಗೆ, ಕಿವಿಗೆ ಬಿದ್ದಿತ್ತು, ಆದರೆ ನಾನು ಆಗ ಪಾತ್ರೆ ಕುಕ್ಕುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಪಾತ್ರೆ ಕುಕ್ಕಿದ ಸದ್ದಿನಡಿ ಬಿದ್ದ ಮಾತು ಈಗ ಮೇಲೆ ಬಂತು, ಎಲ್ಲಾ ಮುಗಿದ ಮೇಲೆ, ಹುಳ ಹಿಡಿದ ನುಚ್ಚು ಬಾಗಿಲ ಹಿಂದೆ ಗೋಣಿಯಲ್ಲಿ ಬಿದ್ದುಕೊಂಡಿದೆ, ಅದೇ ಬೇಕಾದದ್ದು, ಒಳ್ಳೆಯದನ್ನೇ ಕೊಡಬೇಕೆಂದು ಹೊರಟು ಒಳ್ಳೆಯದನ್ನೂ ಗ್ಯಾಸನ್ನೂ ಸುಟ್ಟೆ. ಎಂಥ ಹೆಂಗಸು ನಾನು. ಹೊಸದಾಗಿ ಇಡೋಣವೆಂದು ಗೋಣಿಗೆ ಕೈ ಹಾಕಿದೆ, ತಿರುಗಿ ನೋಡಿದರೆ ಉರಿ ನೀಲಿ ಹೋಗಿ ಹಳದಿ ಆಗಿದೆ, ಸಣ್ಣಗಾಗುತ್ತ ಬರ್ನರಿಗೆ ಅಂಟಿಕೊಂಡಿದೆ, ಇನ್ನು ಹತ್ತು ನಿಮಿಷ ಬಂದರೆ ಹೆಚ್ಚು.

ಸೌಟಿನ ಬೆನ್ನಿನಿಂದ ಜಜ್ಜತೊಡಗಿದೆ, ಒಡೆಯಲೇಬೇಕು ನೀನು, ಪಾತ್ರೆಯ ಬದಿಗೆ ಒತ್ತಿ ಒತ್ತಿ, ಠಣ್ ಠಣ್, ಅಗುಳುಗಳು ಸೌಟಿನಡಿಯಿಂದ ಜಾರಿ ಜಾರಿ ಹೋಗುತ್ತವೆ, ನಾನು ಮತ್ತೆ ಹಿಡಿಯುತ್ತೇನೆ, ಅಳುತ್ತಿದ್ದೇನೆ, ಮೂಗು ಸೋರುತ್ತಿದೆ, ಕೋಟಿನ ತೋಳಿಗೆ ಒರೆಸಿಕೊಳ್ಳುತ್ತೇನೆ, ಠಣ್ ಠಣ್, ಹಾಗೆ ಹೊಡೆಯಬೇಡ. ಯಾರು ಅಂದದ್ದು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾರೆ, ಕಂಬಳಿ ಹೆಗಲಿನಿಂದ ನೆಲಕ್ಕೆ ಎಳೆಯುತ್ತಿದೆ, ಗಡ್ಡ, ಒಳಗೆ ಹೋದ ಕೆನ್ನೆ, ಆರು ದಿನದಲ್ಲಿ ಮೊದಲ ಸಲ ತಾವಾಗಿ ಎದ್ದು ಬಂದದ್ದು, ಹಾಗೆ ಹೊಡೆಯಬೇಡ, ಪಾತ್ರೆಯ ತಳ ಹೋಗ್ತದೆ, ಸಿಗಡಿ ಕರಟಿದೆ ನಿನ್ನದು, ವಾಸನೆ ಅಲ್ಲಿಯವರೆಗೆ ಬಂತು. ನನಗೆ ನಗಬೇಕೋ ಸೌಟಿನಿಂದಲೇ ಒಂದು ಕೊಡಬೇಕೋ ತಿಳಿಯಲಿಲ್ಲ, ಆರು ದಿನದ ಮೌನ ಮುರಿದದ್ದು ಸಿಗಡಿ ಕರಟಿದೆ ಎಂದು ಹೇಳಲಿಕ್ಕೆ. ಹೌದು ಕರಟಿತು, ನನಗೆ ಬರುವುದಿಲ್ಲ, ನಾನೇನು ಹೋಟೆಲಿನವಳಾ, ಎಂದೆ, ಜೋರಾಗಿಯೇ ಅಂದೆ. ಹತ್ತಿರ ಬಂದರು. ಬಗ್ಗಿ ನೋಡಿದರು, ಕುಚ್ಚಲಕ್ಕಿ, ಎಂದರು, ಬೈಗುಳವೂ ಇಲ್ಲ ನಗುವೂ ಇಲ್ಲ, ಗಾಡಿಯ ನಂಬರ್ ಓದಿದ ಹಾಗೆ. ನನ್ನ ಕೈಯಿಂದ ಸೌಟು ತೆಗೆದುಕೊಂಡರು, ಹಿಡಿತ ಹೋಟೆಲಿನದ್ದೇ, ಹೆಬ್ಬೆರಳು ಹಿಡಿಯ ಮೇಲೆ, ಬದಿಗೆ ಒತ್ತಿ ಎಳೆದರು, ಒತ್ತಿ ಎಳೆದರು, ಹೊಡೆಯಲಿಲ್ಲ, ಅಗುಳು ಜಾರಲಿಲ್ಲ, ಸ್ವಲ್ಪ ಸ್ವಲ್ಪ ತಿಳಿ ದಪ್ಪಗಾಯಿತು. ಒಂದು ಅಗುಳನ್ನು ಬೆರಳಿಗೆ ತೆಗೆದು ಹಿಸುಕಿ ನೋಡಿದರು, ಆಮೇಲೆ ಸೌಟಿನ ತುದಿಯಲ್ಲಿ ಒಂಚೂರು ತೆಗೆದು, ಊದಿ, ನಾಲಿಗೆಗೆ ಹಚ್ಚಿ, ಅಡಿಗೆಯವರು ನೋಡುವ ಹಾಗೆ ಕಣ್ಣು ಮುಚ್ಚಿದರು, ಗಂಟಲು ಏರಿತು, ಇಳಿಯಿತು. ಉಪ್ಪಿಲ್ಲ, ಎಂದರು.

ಉಪ್ಪು ಹಾಕಿರಲಿಲ್ಲ, ನಮ್ಮಲ್ಲಿ ಗಂಜಿ ಬೇಯುವಾಗ ಹಾಕುವುದಿಲ್ಲ, ಉಣ್ಣುವವರು ಹಾಕಿಕೊಳ್ಳುವುದು, ಡಬ್ಬಿಗೆ ಕೈ ಹಾಕಿ ಹಿಡಿ ತುಂಬ ತೆಗೆದೆ, ಹಾಕಲಿಕ್ಕೆ ಹೊರಟವಳು ನಿಂತೆ. ಅವರಿಗೆ ತಾನು ಉಂಡೆ ಎಂದು ಗೊತ್ತಿಲ್ಲ. ಉಣ್ಣಲಿಲ್ಲ ಅವರು, ರುಚಿ ನೋಡಿದರು, ಅದು ಕೆಲಸ, ಹೋಟೆಲಿನಲ್ಲಿ ದಿನಕ್ಕೆ ನೂರು ಸಲ ಮಾಡುವುದು, ಅದಕ್ಕೆ ಗಂಟಲು ತಡೆಯಲಿಲ್ಲ. ಬಟ್ಟಲಿನಲ್ಲಿ ಹಾಕಿ ಚಮಚ ಕೊಟ್ಟು ಉಣ್ಣಿ ಎಂದೆನೋ ಮತ್ತೆ ಕೆನ್ನೆಯೊಳಗೇ ನಿಲ್ಲುತ್ತದೆ. ಹಿಡಿಯನ್ನು ಡಬ್ಬಿಗೇ ಸುರಿದು ಎರಡು ಬೆರಳಿನ ತುದಿಗೆ ಹತ್ತಿದಷ್ಟೇ ಉಪ್ಪು ಉದುರಿಸಿದೆ, ಈಗ ನೋಡಿ. ಸೌಟು ಬಾಯಿಗೆ ಹೋಯಿತು, ಗಂಟಲು ಏರಿತು, ಇಳಿಯಿತು. ಸಾಲದು. ಸಾಲದಾ, ನನಗೆ ಅಂದಾಜು ಗೊತ್ತಾಗುವುದಿಲ್ಲ, ಇಷ್ಟು, ಈಗ ನೋಡಿ, ಸ್ವಲ್ಪ ಹೆಚ್ಚು ತೆಗೆದುಕೊಂಡು ನೋಡಿ, ತಳದ್ದು ಒಂದು ರುಚಿ ಮೇಲಿನದ್ದು ಒಂದು ರುಚಿ ಇರ್ತದೆ. ಉರಿ ಪುಸ್ಸೆಂದು ಆರಿತು, ಆರಲಿ. ಅರ್ಧ ಸೌಟು ತೆಗೆದುಕೊಂಡರು, ಇನ್ನೂ ಇಲ್ಲ ಕುಸುಮ. ಇಲ್ವಾ, ಮತ್ತೆ ನಾಲ್ಕು ಕಾಳು, ಸುಳ್ಳಿ ನಾನು, ಹದಿನೆಂಟು ವರ್ಷ ಉಪ್ಪಿನ ಅಂದಾಜು ಒಮ್ಮೆಯೂ ತಪ್ಪದವಳು, ಇವರಿಗದು ಗೊತ್ತು, ಚೆನ್ನಾಗಿಯೇ ಗೊತ್ತು, ಒಮ್ಮೆ ಕಣ್ಣೆತ್ತಿ ನನ್ನ ಬೆರಳನ್ನು ನೋಡಿದರು, ಡಬ್ಬಿಯನ್ನು ನೋಡಿದರು, ನಾನು ಸಿಕ್ಕಿಬಿದ್ದೆ ಅಂದುಕೊಂಡೆ, ಸೌಟನ್ನು ಮತ್ತೆ ಪಾತ್ರೆಗೆ ಅದ್ದಿದರು, ಈಗ ಸರಿಯಾಯಿತಾ ನೋಡಿ, ಗಂಟಲು ಏರಿತು, ಇಳಿಯಿತು, ಇನ್ನೊಂದು ಕಾಳು, ಈಗ, ಏರಿತು, ಇಳಿಯಿತು, ಈಗ, ಗಡ್ಡದ ಕೆಳಗೆ ಆ ಸಣ್ಣ ಎಲುಬು, ಏರಿತು, ನಿಂತಿತು, ನಿಂತೇ ಇದೆ, ಇವರ ಕಣ್ಣು ನನ್ನ ಕಣ್ಣಲ್ಲಿ, ಇಳಿಯಿತು